ನಾ ಕಾಯ್ದೇನಿ

ಪ್ರತಿವರ್ಷ ಪದವಿ ತರಗತಿಯ ಉತ್ತರಪತ್ರಿಕೆ ತಿದ್ದುವಾಗ ಅನುವಾದದ ಪ್ರಶ್ನೆಯ ಹತ್ತಿರ ಬಂದರೆ ನನ್ನ ಕೈ ನಿಧಾನವಾಗುತ್ತದೆ. ಹೋದ ವರ್ಷ ಹತ್ತು ಸಾಲಿನ ಒಂದು ಇಂಗ್ಲಿಷ್ ಪ್ಯಾರಾ ಕೊಟ್ಟಿದ್ದೆವು. ಒಬ್ಬ ಮುದುಕ ಕಲ್ಲಂಗಡಿ ಹೊಲದಲ್ಲಿ ರಾತ್ರಿಯಿಡೀ ಕೂತಿರುತ್ತಾನೆ, ಬೆಳಗಾಗುವಷ್ಟರಲ್ಲಿ ಅರ್ಧ ಹಣ್ಣು ಮಾಯವಾಗಿರುತ್ತವೆ, ಇಷ್ಟೇ ಕಥೆ. ಅದರಲ್ಲಿ ‘ಗಾರ್ಡ್’ ಎಂಬ ಕ್ರಿಯಾಪದ ಒಂದೇ ಸಲ ಬರುತ್ತದೆ. ನಲವತ್ತು ಪತ್ರಿಕೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಹುಡುಗರು ಬರೆದದ್ದು ಒಂದೇ ವಾಕ್ಯ: ‘ಮುದುಕನು ರಾತ್ರಿಯಿಡೀ ಹೊಲವನ್ನು ರಕ್ಷಿಸಿದನು.’ ಅದರ ಬೆನ್ನಿಗೇ ಇನ್ನೊಂದು: ‘ಬೆಳಿಗ್ಗೆ ಅರ್ಧ ಹಣ್ಣುಗಳು ಕಳವಾಗಿದ್ದವು.’

ಎರಡನ್ನೂ ಒಟ್ಟಿಗೆ ಓದಿ ನೋಡಿ. ರಕ್ಷಿಸಿದ ಮೇಲೆ ಕಳವಾದದ್ದು ಹೇಗೆ? ಕಳವಾಗಿದ್ದರೆ ರಕ್ಷಿಸಿದ್ದು ಏನನ್ನು? ಇಂಗ್ಲಿಷ್ ಮೂಲದಲ್ಲಿ ಈ ಜಗಳವಿರಲಿಲ್ಲ. ಅದು ಹುಟ್ಟಿದ್ದು ನಮ್ಮ ಹುಡುಗರ ಕನ್ನಡದಲ್ಲಿ. ಈ ಹುಡುಗರಾದರೂ ಯಾರು? ಹೆಚ್ಚಿನವರು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರೈತರ ಮಕ್ಕಳು. ಗೋವಿನಜೋಳದ ಹೊಲದಲ್ಲಿ ಹಂದಿ ಬರುತ್ತವೆಂದು ರಾತ್ರಿ ಬ್ಯಾಟರಿ ಹಿಡಿದು ಕೂತವರು, ಕಾಲುವೆಯ ನೀರಿನ ಪಾಳಿ ಬರುವವರೆಗೆ ಬದುವಿನ ಮೇಲೆ ತೂಕಡಿಸಿದವರು. ಒಬ್ಬನನ್ನು ಕರೆದು, ‘ಹೊಲಾ ಕಾಯ್ದ ಅಂತ ಯಾಕ ಬರೀಲಿಲ್ಲೋ?’ ಎಂದು ಕೇಳಿದೆ. ‘ಅದು ಮನ್ಯಾಗಿನ ಮಾತ್ರಿ ಸರ. ಪೇಪರಿನ್ಯಾಗ ಹೆಂಗ ಬರಿಯೂದ್ರಿ?’ ಎಂದ.

ಬೆಟಗೇರಿ ಕೃಷ್ಣಶರ್ಮರ ತಾಲೂಕಿನ ಹುಡುಗ ಹೀಗೆ ಹೇಳಿದ್ದು ನನಗೆ ಚುಚ್ಚಿತು. ‘ಆನಂದಕಂದ’ ಎಂದು ಹೆಸರಾದ ಅವರು ಮನೆಯ ಮಾತಿನಲ್ಲೇ ಹಾಡು ಕಟ್ಟಿದವರು. ಇಲ್ಲಿಗೆ ಹತ್ತಿರದ ಕುಲಗೋಡದ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತದಲ್ಲಿ ದೇವರ ಬಾಯಲ್ಲೂ ಈ ಸೀಮೆಯ ಮಾತು ಆಡಿಸಿದವನು. ಆದರೆ ಹುಡುಗನ ಮೇಲೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ. ಇದೇ ತಪ್ಪನ್ನು ಅವನ ವಯಸ್ಸಿನಲ್ಲಿ ನಾನೂ ಮಾಡಿದ್ದೆ. ಅದಕ್ಕೆ ದಂಡ ತೆತ್ತವರು ನಮ್ಮಪ್ಪ. ಆ ಕಥೆಗೆ ಬರುತ್ತೇನೆ. ಅದಕ್ಕೂ ಮೊದಲು ಈ ಶಬ್ದಗಳ ಹುಟ್ಟೂರಿಗೆ ಒಂದು ಸಲ ಹೋಗಿಬರಬೇಕು.

‘ಗಾರ್ಡ್’ ಹುಟ್ಟಾ ಇಂಗ್ಲಿಷ್ ಶಬ್ದವಲ್ಲ, ಫ್ರೆಂಚಿನಿಂದ ಬಂದದ್ದು. ಫ್ರೆಂಚಿಗೆ ಅದು ಸಿಕ್ಕಿದ್ದು ಹಳೆಯ ಜರ್ಮ್ಯಾನಿಕ್ ಜನರಿಂದ. ಅವರ ಬಾಯಲ್ಲಿ ಅದು ‘ವ’ಕಾರದಿಂದ ಶುರುವಾಗುತ್ತಿತ್ತು, ಫ್ರೆಂಚರು ಅದನ್ನು ‘ಗ’ಕಾರ ಮಾಡಿದರು. ಅದೇ ಜರ್ಮ್ಯಾನಿಕ್ ಬೇರಿನ ಶಬ್ದ ಇಂಗ್ಲಿಷಿನಲ್ಲಿ ಮೊದಲೇ ‘ವಾರ್ಡ್’ ಎಂದು ಇತ್ತು. ಹೀಗಾಗಿ ಒಂದೇ ತಾಯಿಯ ಮಕ್ಕಳು ಎರಡು ದಾರಿಯಲ್ಲಿ ಬಂದು ಒಂದೇ ಮನೆಯಲ್ಲಿ ಅಪರಿಚಿತರಂತೆ ಇದ್ದಾರೆ: ವಾರ್ಡ್ ಮತ್ತು ಗಾರ್ಡ್, ವಾರ್ಡನ್ ಮತ್ತು ಗಾರ್ಡಿಯನ್. ನಮ್ಮ ರಾಜಕೀಯದಲ್ಲಿ ಈಗ ಮನೆಮಾತಾಗಿರುವ ಗ್ಯಾರಂಟಿಗೂ ಮಿಕ್ಸರ್ ಕೊಂಡಾಗ ಸಿಗುವ ವಾರಂಟಿಗೂ ಇಂಥದೇ ನಂಟು. 1890ರಲ್ಲಿ ಬ್ರಿಟಿಷರು ಇಲ್ಲಿ ‘ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟ್’ ಎಂಬ ಕಾಯ್ದೆ ತಂದರು, ಇವತ್ತಿಗೂ ಅದು ಜಾರಿಯಲ್ಲಿದೆ. ಕಾಯುವವನು ಗಾರ್ಡಿಯನ್, ಕಾಯಿಸಿಕೊಳ್ಳುವ ಮಗು ವಾರ್ಡ್. ಎರಡಕ್ಕೂ ಬೇರು ಒಂದೇ. ಆ ಬೇರಿನ ಅರ್ಥ ‘ನೋಡು, ಕಣ್ಣಿಡು’ ಎಂದು.

ಇಂಗ್ಲಿಷಿನ ಪರ್ಯಾಯಪದಗಳ ಪಟ್ಟಿ ತೆಗೆದರೆ ಗಾರ್ಡಿನ ಪಕ್ಕ ಪ್ರೊಟೆಕ್ಟ್, ಡಿಫೆಂಡ್, ಶೀಲ್ಡ್, ಕೀಪ್, ವಾಚ್, ಪ್ರಿಸರ್ವ್ ಎಂದೆಲ್ಲ ಇರುತ್ತವೆ. ವಿದ್ಯಾರ್ಥಿಗಳು ಇವನ್ನು ಗಟ್ಟಿ ಮಾಡುತ್ತಾರೆ, ಒಂದರ ಬದಲು ಇನ್ನೊಂದನ್ನು ಇಟ್ಟರೆ ಭಾಷೆ ಬಂತು ಎಂದುಕೊಳ್ಳುತ್ತಾರೆ. ಆದರೆ ಪ್ರತಿಯೊಂದರ ಹೊಟ್ಟೆಯಲ್ಲೂ ಒಂದೊಂದು ಚಿತ್ರವಿದೆ. ಪ್ರೊಟೆಕ್ಟ್ ಎಂದರೆ ಲ್ಯಾಟಿನ್ನಿನಲ್ಲಿ ಮುಂದೆ ನಿಂತು ಮುಚ್ಚುವುದು, ಮಳೆಗೆ ಗೊಪ್ಪೆ ಹಾಕಿದ ಹಾಗೆ. ಡಿಫೆಂಡ್ ಎಂದರೆ ಹೊಡೆದು ಆಚೆ ತಳ್ಳುವುದು. ಗಾರ್ಡ್ ಎಂದರೆ ಬರೀ ಕಣ್ಣಿಟ್ಟು ನೋಡುತ್ತಿರುವುದು. ಮುಚ್ಚುವುದು, ತಳ್ಳುವುದು, ನೋಡುವುದು: ಮೂರೂ ಬೇರೆ ಬೇರೆ ಕೆಲಸ. ಮೂರಕ್ಕೂ ಕನ್ನಡದಲ್ಲಿ ‘ರಕ್ಷಿಸು’ ಎಂದು ಒಂದೇ ಮುದ್ರೆ ಒತ್ತಿದರೆ ಮೂರು ಚಿತ್ರಗಳೂ ಅಳಿಸಿಹೋಗುತ್ತವೆ.

ಈಗ ‘ಕಾಯು’ವಿಗೆ ಬನ್ನಿ. ಇದರಷ್ಟು ವಿಚಿತ್ರ ನಡತೆಯ ಕ್ರಿಯಾಪದ ಕನ್ನಡದಲ್ಲಿ ಅಪರೂಪ. ನಮ್ಮವ್ವ ಒಂದೇ ದಿನದಲ್ಲಿ ಆಡುತ್ತಿದ್ದ ಮಾತುಗಳನ್ನು ನೆನೆಯುತ್ತೇನೆ. ‘ಅಣ್ಣ ದನಾ ಕಾಯಾಕ ಹೋಗ್ಯಾನ.’ ಇಲ್ಲಿ ಕಾಯುವುದು ದನವನ್ನು, ದನ ಉಳಿಯಲೆಂದು. ‘ಅಜ್ಜ ಹಕ್ಕಿ ಕಾಯಾಕ ಹೋಗ್ಯಾನ.’ ಇಲ್ಲಿ ಹಕ್ಕಿ ಉಳಿಯಲೆಂದಲ್ಲ. ತೆನೆಗೆ ಬಂದ ಬಿಳಿಜೋಳಕ್ಕೆ ಹಕ್ಕಿ ಇಳಿಯದಿರಲೆಂದು ಮಂಚಿಗೆಯ ಮೇಲೆ ಕವಣೆ ಹಿಡಿದು ನಿಂತಿರುತ್ತಾನೆ. ‘ಅಪ್ಪನ ಹಾದೀ ಕಾಯಾಕತ್ತೀನಿ.’ ಇಲ್ಲಿ ಹಾದಿಗೆ ಯಾವ ಭಯವೂ ಇಲ್ಲ, ಹಾದಿಯಿಂದಲೂ ಭಯವಿಲ್ಲ; ಬರಬೇಕಾದವರು ಬಂದಿಲ್ಲ, ಅಷ್ಟೆ. ಉಳಿಸಬೇಕಾದದ್ದು, ಓಡಿಸಬೇಕಾದದ್ದು, ಬರಬೇಕಾದದ್ದು: ಮೂರೂ ಒಂದೇ ಕ್ರಿಯಾಪದದ ಮುಂದೆ ಕರ್ಮವಾಗಿ ಬಂದು ಕೂರುತ್ತವೆ. ವ್ಯಾಕರಣದ ಗುರುತು ಯಾವುದೂ ಇಲ್ಲ, ಆದರೂ ಕೇಳುವವರಿಗೆ ಒಂದು ಸಲವೂ ಗೊಂದಲವಾಗುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಮೂರು ಕ್ರಿಯಾಪದ ಬೇಕು, ಇಲ್ಲವೆ ಜೊತೆಗೆ ಒಂದೊಂದು ಉಪಸರ್ಗವಾದರೂ ಬೇಕು.

ನೀರು ಕಾಯುವುದು, ಅಂದರೆ ಬಿಸಿಯಾಗುವುದು, ಇನ್ನೊಂದೇ ಶಬ್ದ. ಬರೋ ಮತ್ತು ಎಮಿನೋ 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶದಲ್ಲಿ ಎರಡಕ್ಕೂ ಬೇರೆ ಬೇರೆ ನಮೂದುಗಳಿವೆ. ಬಚ್ಚಲ ಒಲೆಯ ಮುಂದೆ ನೀರು ಕಾಯುವುದನ್ನೇ ಕಾಯುತ್ತ ಕೂತ ಹುಡುಗನಿಗೆ ಈ ವಿವರ ಬೇಕಿಲ್ಲ, ಬಿಡಿ. ನಾಮಪದ ‘ಕಾವಲು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜಾಗದ ಹೆಸರಾಗಿದೆ. ಹಳೆಯ ಮೈಸೂರು ಸೀಮೆಯಲ್ಲಿ ಅಮೃತ ಮಹಲ್ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲನ್ನು ‘ಕಾವಲ್’ ಎಂದೇ ಕರೆಯುತ್ತಾರೆ. ನಮ್ಮ ಕಡೆ ಊರ ದನ ಮೇಯುವ ಜಾಗಕ್ಕೆ ಮರಾಠಿಯಿಂದ ಬಂದ ‘ಗಾಯರಾಣ’ ಎಂಬ ಹೆಸರಿದೆ. ಅಲ್ಲಿ ಕಾಯುವವರ ನೆನಪು ಹೆಸರಿನಲ್ಲಿ ನಿಂತಿದೆ, ಇಲ್ಲಿ ಮೇಯುವ ಹಸುವಿನದು.

ಕಾಯುವುದು ಮತ್ತು ಎದುರುನೋಡುವುದು ಕನ್ನಡದಲ್ಲಿ ಒಂದೇ ಶಬ್ದವಾಗಿರುವುದನ್ನು ಕಂಡು ನಾನು ಒಂದು ಕಾಲದಲ್ಲಿ ಬಹಳ ಹಿಗ್ಗಿದ್ದೆ. ಇಂಥ ಸೂಕ್ಷ್ಮ ಇಂಗ್ಲಿಷಿಗೆ ಎಲ್ಲಿಂದ ಬರಬೇಕು ಎಂದು ತರಗತಿಯಲ್ಲಿ ಹೇಳಿದ್ದೂ ಉಂಟು. ಅದು ಸುಳ್ಳು. ಇಂಗ್ಲಿಷಿನ ‘ವೇಟ್’ ಶಬ್ದದ ಮೂಲ ಅರ್ಥವೇ ಕಾವಲು ಕೂರುವುದು. ‘ವಾಚ್’, ‘ವೇಕ್’ ಅದರ ಒಡಹುಟ್ಟಿದವು. ಇಂಗ್ಲೆಂಡಿನ ಹಳೆಯ ಪಟ್ಟಣಗಳಲ್ಲಿ ರಾತ್ರಿ ಕಹಳೆ ಊದಿ ಹೊತ್ತು ತಿಳಿಸುತ್ತಿದ್ದ ಕಾವಲಿನವರನ್ನು ‘ವೇಟ್ಸ್’ ಎಂದೇ ಕರೆಯುತ್ತಿದ್ದರು. ಅಂದರೆ ಅವರಲ್ಲೂ ಎರಡು ಅರ್ಥ ಒಂದೇ ಶಬ್ದದಲ್ಲಿದ್ದವು, ಕಾಲಕ್ರಮದಲ್ಲಿ ಬೇರೆಯಾದವು. ತಮಿಳಿನ ‘ಕಾತ್ತಿರು’ ನಮ್ಮ ‘ಕಾದಿರು’ವಿನ ಹಾಗೆಯೇ ಇದೆ: ಕಾಯುತ್ತ ಇರು, ಅಲ್ಲಿಯೇ ಇರು. ಉತ್ತರದಿಂದ ನಮಗೆ ಬಂದ ‘ಪಹರೆ’ಯ ಮೂಲ ಸಂಸ್ಕೃತದ ‘ಪ್ರಹರ’, ಮೂರು ತಾಸಿನ ಹೊತ್ತು. ‘ಜಾವ’ದ ಮೂಲವಾದ ‘ಯಾಮ’ದಿಂದಲೇ ಸಂಸ್ಕೃತದಲ್ಲಿ ರಾತ್ರಿ ಕಾವಲಿನವನಿಗೆ ‘ಯಾಮಿಕ’ ಎಂಬ ಹೆಸರು. ಎಲ್ಲಿ ನೋಡಿದರೂ ಕಾಯುವ ಕೆಲಸವನ್ನು ಜನ ಹೊತ್ತಿನಿಂದ ಅಳೆದಿದ್ದಾರೆ. ಕಾಯುವವನು ಏನು ಮಾಡುತ್ತಾನೆ ಎಂದರೆ, ಇಷ್ಟು ಹೊತ್ತು ಅಲ್ಲಿರುತ್ತಾನೆ.

ಇಲ್ಲಿಯೇ ‘ರಕ್ಷಿಸು’ ಬೇರೆಯಾಗುವುದು. ‘ರಾತ್ರಿಯೆಲ್ಲ ಕಾಯ್ದೆ, ಆದರೂ ಕಳುವಾಯಿತು’ ಎನ್ನಬಹುದು, ದುಃಖದ ಮಾತಾದರೂ ಸರಿಯಾದ ಕನ್ನಡ. ‘ರಾತ್ರಿಯೆಲ್ಲ ರಕ್ಷಿಸಿದೆ, ಆದರೂ ಕಳುವಾಯಿತು’ ಎಂದರೆ ಕೇಳಿದವರು ನಗುತ್ತಾರೆ. ‘ರಕ್ಷಿಸು’ ಫಲವನ್ನು ಹೇಳುವ ಕ್ರಿಯಾಪದ. ವಸ್ತು ಉಳಿದರೆ ಮಾತ್ರ ಅದು ನಡೆದ ಹಾಗೆ, ಉಳಿಯದಿದ್ದರೆ ನಡೆಯಲೇ ಇಲ್ಲ. ‘ಕಾಪಾಡು’ ಕೂಡ ಅದರ ಪಂಗಡವೇ, ಅಚ್ಚಗನ್ನಡವಾದರೂ. ಹಾಗಾಗಿ ಇದು ಸಂಸ್ಕೃತ ಕನ್ನಡಗಳ ಜಗಳವಲ್ಲ. ಮಾಡಿದ ಕೆಲಸವನ್ನು ಹೇಳುವ ಶಬ್ದಕ್ಕೂ ಕೈಗೆ ಬಂದ ಫಲವನ್ನು ಹೇಳುವ ಶಬ್ದಕ್ಕೂ ಇರುವ ಅಂತರ. ‘ಓದಿದೆ’ ಎನ್ನುವುದಕ್ಕೂ ‘ಪಾಸಾದೆ’ ಎನ್ನುವುದಕ್ಕೂ ಇರುವಷ್ಟೇ ಅಂತರ. ಗಾರ್ಡ್ ಎಂಬುದು ಮೊದಲ ಜಾತಿಯದು. ಇಂಗ್ಲಿಷಿನಲ್ಲಿ ರಾತ್ರಿಯಿಡೀ ಗಾರ್ಡ್ ಮಾಡಿಯೂ ಕಳೆದುಕೊಳ್ಳಬಹುದು. ಕಲ್ಲಂಗಡಿಯ ಮುದುಕ ಮಾಡಿದ್ದು ಅದನ್ನೇ.

ಈಗ ನಮ್ಮಪ್ಪನ ಕಥೆ. ಘಟಪ್ರಭಾ ಸ್ಟೇಷನ್ನಿನಿಂದ ಅಷ್ಟೇನೂ ದೂರವಿಲ್ಲದ ಒಂದು ಗೋದಾಮಿನಲ್ಲಿ ಅವರು ರಾತ್ರಿ ಕಾವಲಿಗಿದ್ದರು. ಯಾರ ಗೋದಾಮು ಎಂಬುದು ಈಗ ಬೇಡ. ಸಂಜೆ ಅರಭಾವಿಯಿಂದ ಸೈಕಲ್ ಮೇಲೆ ಹೊರಟರೆ ಬೆಳಿಗ್ಗೆ ನಾವು ಸ್ನಾನ ಮುಗಿಸುವ ಹೊತ್ತಿಗೆ ಬರುತ್ತಿದ್ದರು. ಒಂದು ಕಂಬಳಿ, ಒಂದು ಬಡಿಗೆ, ಮೂರು ಸೆಲ್ಲಿನ ಬ್ಯಾಟರಿ, ರೊಟ್ಟಿಯ ಗಂಟು. 1994ರ ಮಳೆಗಾಲದಲ್ಲಿ ಗೋದಾಮಿನ ಹಿಂದಿನ ಗೋಡೆಯ ಒಂದು ಮೂಲೆ ನೆನೆದು ಕುಸಿಯಿತು. ಅಪ್ಪ ಹೋಗಿ ಹೇಳಿದರು, ನೋಡೋಣ ಎಂದರು. ಎರಡು ವಾರದ ಮೇಲೆ ಒಂದು ರಾತ್ರಿ ಅದೇ ಸಂದಿಯಿಂದ ಗೊಬ್ಬರದ ಹನ್ನೊಂದು ಚೀಲ ಹೋದವು. ಅಪ್ಪ ಮುಂದಿನ ಗೇಟಿನಲ್ಲಿ ಎಚ್ಚರವಾಗಿಯೇ ಇದ್ದರು. ಬೆಳಗಿನ ಜಾವ ಸುತ್ತು ಹಾಕುವಾಗ ನೋಡಿ, ತಾವೇ ಹೋಗಿ ಸುದ್ದಿ ಮುಟ್ಟಿಸಿದರು. ನಾಲ್ಕು ದಿನದ ನಂತರ ನೋಟೀಸು ಬಂತು: ಲಿಖಿತ ಉತ್ತರ ಕೊಡತಕ್ಕದ್ದು.

ಅಪ್ಪನಿಗೆ ಸಹಿ ಬಿಟ್ಟರೆ ಬರಹ ಬಾರದು. ನಾನು ಪಿಯುಸಿ ಎರಡನೇ ವರ್ಷ, ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ಅಪ್ಪ ಹೇಳುತ್ತಾ ಹೋದರು: ‘ನಾ ರಾತ್ರಿ ಪೂರ್ತಿ ಕಾಯ್ದೇನಿ. ಗ್ವಾಡಿ ಬಿದ್ದದ್ದು ಮೊದಲ ಹೇಳೇನಿ. ಅವರು ಹಿಂದಿನಿಂದ ಬಂದಾರ, ನಾ ಮುಂದಿದ್ನಿ. ಒಬ್ಬ ಮನಶ್ಯಾ ಎಷ್ಟ ಕಡೆ ಇರತಾನ?’ ಮೂರು ನಾಲ್ಕು ವಾಕ್ಯ, ಅಷ್ಟೇ. ನನಗೆ ಅದು ಅರ್ಜಿಯ ಭಾಷೆ ಅನ್ನಿಸಲಿಲ್ಲ. ಒಂದು ಗಂಟೆ ಕೂತು, ಎರಡು ಸಲ ಹರಿದು ಹಾಕಿ, ಮೂರನೆಯ ಹಾಳೆಯ ಮೇಲೆ ನಾನು ಬರೆದ ವಾಕ್ಯ ಇವತ್ತಿಗೂ ಬಾಯಿಪಾಠ ಇದೆ: ‘ಸದರಿ ದಿನದಂದು ಕರ್ತವ್ಯದಲ್ಲಿ ಹಾಜರಿದ್ದಾಗ್ಯೂ ಗೋದಾಮಿನ ಸರಕನ್ನು ರಕ್ಷಿಸಲು ನನ್ನಿಂದ ಸಾಧ್ಯವಾಗಲಿಲ್ಲವೆಂದು ವಿನಯಪೂರ್ವಕವಾಗಿ ತಿಳಿಯಪಡಿಸುತ್ತೇನೆ.’ ಗೋಡೆಯ ಮಾತು ಕೊನೆಗೆ ಒಂದು ಸಾಲಿನಲ್ಲಿತ್ತು. ಅಪ್ಪ ಸಹಿ ಹಾಕಿದರು.

ತಿಂಗಳು ಕಳೆದು ಆದೇಶ ಬಂತು. ಕಾವಲುಗಾರನು ರಕ್ಷಿಸಲು ಸಾಧ್ಯವಾಗಲಿಲ್ಲವೆಂದು ತನ್ನ ಲಿಖಿತ ಉತ್ತರದಲ್ಲಿ ತಾನೇ ಒಪ್ಪಿಕೊಂಡಿರುವುದರಿಂದ ಸರಕಿನ ಬೆಲೆಯನ್ನು ಸಂಬಳದಲ್ಲಿ ಕಂತುಗಳಾಗಿ ಮುರಿದುಕೊಳ್ಳತಕ್ಕದ್ದು. ಎಂಟು ತಿಂಗಳು ಮುರಿದರು. ಅಪ್ಪ ಆದೇಶವನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಕೇಳಿದರು, ‘ತಮ್ಮಾ, ನಾ ಕಾಯ್ದೇನಿ ಅಂತ ಬರದಿದ್ದಿಲ್ಲ?’ ನಾನು, ‘ಅದ ಅರ್ಥ ಬರೂವಂಗ ಬರದೀನಿ’ ಎಂದೆ. ಪರ್ಯಾಯಪದ ಎಂಬ ಶಬ್ದವನ್ನು ಇವತ್ತು ಯಾರೇ ಹೇಳಲಿ, ನನಗೆ ಕೇಳಿಸುವುದು ಆ ನನ್ನ ಉತ್ತರವೇ. ಕನ್ನಡದಲ್ಲಿ ‘ನಾನು ಕಾವಲಿದ್ದೆ’ ಎನ್ನುವ ‘ಕಾಯ್ದೆ’ಯೂ ಕಾನೂನಿನ ‘ಕಾಯ್ದೆ’ಯೂ ಬರಹದಲ್ಲಿ ಒಂದೇ ರೀತಿ ಕಾಣುತ್ತವೆ. ನಂಟೇನೂ ಇಲ್ಲ. ಎರಡನೆಯದು ಅರಬ್ಬಿಯಿಂದ ಪಾರ್ಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದದ್ದು.

ಒಂದು ಶಬ್ದ ಬದಲಿಸಿದ್ದರೆ ತೀರ್ಪು ಬದಲಾಗುತ್ತಿತ್ತೇ? ಬಹುಶಃ ಇಲ್ಲ. ಹಣ ಮುರಿಯಬೇಕೆಂದು ಮೊದಲೇ ನಿಶ್ಚಯಿಸಿದವರಿಗೆ ಕಾರಣ ಇನ್ನೊಂದು ಸಿಗುತ್ತಿತ್ತು. ಆದರೆ ಅಪ್ಪನ ಬಾಯಲ್ಲಿ ಅವರು ಮಾಡಿದ ಕೆಲಸಕ್ಕೆ ಒಂದು ಹೆಸರಿತ್ತು. ನಾನು ಆ ಹೆಸರು ತೆಗೆದು, ಅವರು ಮಾಡದ ಕೆಲಸದ ಹೆಸರು ಬರೆದೆ.

ಈ ಸೀಮೆಯಲ್ಲಿ ಕಾಯುವ ಕೆಲಸದ ಹೆಸರುಗಳಿಗೆ ಬರವಿಲ್ಲ. ಮತದಾರರ ಪಟ್ಟಿ ತೆರೆದರೆ ತಳವಾರ, ವಾಲೀಕಾರ, ಸನದಿ, ಕಿಲ್ಲೇದಾರ, ಹವಾಲ್ದಾರ, ಊರ ಕಾವಲು ಗೋಪುರವಾದ ಹುಡೇವಿನಿಂದ ಬಂದ ಹುಡೇದ, ಹೀಗೆ ಸಾಲು ಸಾಲು ಅಡ್ಡಹೆಸರುಗಳು. ತಳವಾರ ಎಂಬುದು ಬಹಳ ಹಳೆಯ ಶಬ್ದ. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಲವರ’ ಎಂಬ ದೊಡ್ಡ ಬಿರುದಿದೆ, ಅರಸರ ಮನೆತನದೊಡನೆ ಬೀಗತನ ಮಾಡುವಂಥ ದೊಡ್ಡವರದು. ನಮ್ಮ ತಳವಾರ ಅದರ ಬಂಧುವೆಂದು ವಿದ್ವಾಂಸರು ಗುರುತಿಸುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ತಿರುಗುಮುರುಗಾದ ಕಥೆ ಇದೆ. ‘ಲಾರ್ಡ್’ ಎಂಬ ಶಬ್ದ ಹಳೆಯ ಇಂಗ್ಲಿಷಿನಲ್ಲಿ ‘ರೊಟ್ಟಿ ಕಾಯುವವನು’ ಎಂದಿತ್ತು. ಅದರ ಕೊನೆಯ ತುಂಡು ನಮ್ಮ ಪರಿಚಯದ ‘ವಾರ್ಡ್’ ಶಬ್ದವೇ. ಅಲ್ಲಿ ರೊಟ್ಟಿ ಕಾಯುವವ ಮೇಲೇರಿ ಪ್ರಭುವಾದ, ಇಲ್ಲಿ ಪ್ರಭು ಇಳಿಯುತ್ತ ಇಳಿಯುತ್ತ ಊರ ಅಗಸಿಯಲ್ಲಿ ಬಡಿಗೆ ಹಿಡಿದು ನಿಂತ.

ಸಂಗೊಳ್ಳಿ ರಾಯಣ್ಣನ ಹುದ್ದೆಯೂ ಇಂಥದೇ. ಅವನು ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿ. ಮರಾಠಿಯ ‘ಶೇತ’ ಎಂದರೆ ಹೊಲ, ‘ಸನದು’ ಎಂದರೆ ಸರಕಾರದ ಪತ್ರ. ಊರು ಕಾಯುವ ಕೆಲಸಕ್ಕೆ ಸಂಬಳದ ಬದಲು ಹೊಲದ ಸನದು ಪಡೆದವನು. ನನಗೆ ಈ ಶಬ್ದ ಕುತೂಹಲ ಹುಟ್ಟಿಸುವುದು ಇದಕ್ಕಾಗಿ: ಇದರಲ್ಲಿ ಕಾಯುವ ಸುದ್ದಿಯೇ ಇಲ್ಲ. ಕೂಲಿಯ ಹೆಸರೇ ಕೆಲಸದ ಹೆಸರಾಗಿದೆ. ಹಾಗಿರುವಾಗ ಹೊಲಕ್ಕೆ ಕೈಹಾಕಿದರೆ ಹುದ್ದೆಗೇ ಕೈಹಾಕಿದಂತೆ. 1824ರ ಯುದ್ಧದ ನಂತರ ಕಂಪನಿಯವರು ಅದನ್ನೇ ಮಾಡಿದರು. ಊರು ಕಾಯುವವನು ಕಾದಲು ನಿಂತ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಳಗನ್ನಡದಲ್ಲಿ ಹೋರಾಡುವುದಕ್ಕೂ ‘ಕಾದು’ ಎಂಬ ಶಬ್ದವಿದೆ, ಕಾಯ್ದು ಎಂಬುದರ ಹಳೆಯ ರೂಪವೂ ‘ಕಾದು’. ರಾಯಣ್ಣನ ಬಗ್ಗೆ ‘ಕಾದು ಸತ್ತ’ ಎಂದರೆ ಎರಡೂ ಅರ್ಥ ನಿಲ್ಲುತ್ತವೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೊಡನೆ ವಂಶಪಾರಂಪರ್ಯದ ಈ ಹುದ್ದೆಗಳೆಲ್ಲ ಹೋದವು. ಅಡ್ಡಹೆಸರು ಉಳಿದವು.

ಸತ್ತ ಕಾವಲಿನವನಿಗೆ ಕಲ್ಲು ಸಿಗುತ್ತದೆ. ದನ ಹಿಡಿದೊಯ್ಯಲು ಬಂದವರನ್ನು ಎದುರಿಸಿ, ತುರುಗಳನ್ನು ಮರಳಿಸಿ ಸತ್ತವರ ವೀರಗಲ್ಲುಗಳು ಕರ್ನಾಟಕದ ಉದ್ದಕ್ಕೂ ನಿಂತಿವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಯಾರೂ ಬಾರದ ರಾತ್ರಿಯ ಕಲ್ಲನ್ನು ಯಾರೂ ನೆಟ್ಟಿಲ್ಲ. ದಾನಶಾಸನಗಳ ಕೊನೆಗೆ ಮಾತ್ರ ಒಂದು ಸಂಸ್ಕೃತ ಶ್ಲೋಕ ಮತ್ತೆ ಮತ್ತೆ ಬರುತ್ತದೆ. ಕೊಡುವುದು ಮತ್ತು ಕೊಟ್ಟದ್ದನ್ನು ಪಾಲಿಸುವುದು ಎರಡರಲ್ಲಿ ಪಾಲಿಸುವುದೇ ಹೆಚ್ಚು, ಕೊಟ್ಟವನಿಗೆ ಸ್ವರ್ಗ, ಪಾಲಿಸಿದವನಿಗೆ ಅಳಿವಿಲ್ಲದ ಪದವಿ ಎಂಬುದು ಅದರ ತಾತ್ಪರ್ಯ. ಆದರೆ ಅದು ಮುಂದೆ ಬರುವ ಅರಸರಿಗೆ ಹೇಳಿದ್ದು. ತೋಟದ ಬೇಲಿಯ ಹತ್ತಿರ ಕೂತವನಿಗೆ ಹೇಳಿದ್ದಲ್ಲ.

ಇವತ್ತಿನ ಸರಕಾರಿ ಕನ್ನಡದಲ್ಲಿ ಈ ಮೇಲು ಕೆಳಗು ಬಹಳ ಅಚ್ಚುಕಟ್ಟಾಗಿದೆ. ದೇಶ ಕಾಯುವ ಖಾತೆಗೆ ರಕ್ಷಣಾ ಸಚಿವರು, ಪೊಲೀಸ್ ಠಾಣೆಯ ಫಲಕದಲ್ಲಿ ಆರಕ್ಷಕರು, ಹೋಮ್‌ಗಾರ್ಡ್ ಎಂದರೆ ಗೃಹರಕ್ಷಕ ದಳ, ಕಾಡಿನಲ್ಲಿ ಗಸ್ತು ಅರಣ್ಯ ಪಾಲಕ, ಅವರಿಗಿಂತ ಕೆಳಗೆ ಅರಣ್ಯ ವೀಕ್ಷಕ. ಹಾಸ್ಟೆಲಿನ ನೇಮಕಾತಿ ಪಟ್ಟಿಯ ತಳದಲ್ಲಿ ಮಾತ್ರ ಅಚ್ಚಗನ್ನಡದ ‘ರಾತ್ರಿ ಕಾವಲುಗಾರ’ ಸಿಗುತ್ತಾನೆ. ಪತ್ರಿಕೋದ್ಯಮದವರು ತಮ್ಮನ್ನು ಪ್ರಜಾಪ್ರಭುತ್ವದ ಕಾವಲುನಾಯಿ ಎಂದು ಕರೆದುಕೊಳ್ಳುತ್ತಾರೆ. ನಾಯಿಗೆ ಕಾವಲು ಸಾಕು, ಸಚಿವರಿಗೆ ಸಾಲದು. ಹುದ್ದೆ ಏರಿದಂತೆ ಶಬ್ದ ‘ರಕ್ಷಣೆ’ಯಾಗುತ್ತದೆ, ಅಂದರೆ ಫಲವನ್ನು ಮುಂಗಡವಾಗಿಯೇ ಬರೆದುಕೊಳ್ಳುತ್ತದೆ. ರಾಮಾಯಣದ ಉತ್ತರಕಾಂಡದಲ್ಲಿ ಇದಕ್ಕೊಂದು ಹಳೆಯ ಕಥೆ ಇದೆ. ಬ್ರಹ್ಮ ನೀರನ್ನು ಸೃಷ್ಟಿಸಿ ಅದನ್ನು ನೋಡಿಕೊಳ್ಳಲು ಪ್ರಾಣಿಗಳನ್ನು ಸೃಷ್ಟಿಸಿದನಂತೆ. ‘ರಕ್ಷಿಸುತ್ತೇವೆ’ ಎಂದು ಕೂಗಿದವರು ರಾಕ್ಷಸರಾದರು. ನಾನು ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟುತ್ತಾರೆ.

ಊರಲ್ಲಿ ಈಗ ಕಾವಲುಗಾರ ಎಂಬ ಶಬ್ದವೂ ಹೋಗುತ್ತಿದೆ. ‘ಏನ ಮಾಡ್ತಾನ ನಿಮ್ಮ ಹುಡುಗ?’ ‘ಬೆಂಗಳೂರಾಗ ಸೆಕ್ಯೂರಿಟಿ ಅದಾನ.’ ಮನುಷ್ಯನ ಹೆಸರು ಹೋಗಿ ಭಾವನಾಮ ಬಂದಿದೆ. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ‘ಚಿಂತೆ ಇಲ್ಲದ ಸ್ಥಿತಿ’ ಎಂಬ ಅರ್ಥ. ಚಿಂತೆಯಿಲ್ಲದವರು ಒಳಗೆ ಮಲಗಿರುತ್ತಾರೆ. ಅವರ ಪಾಲಿನ ಚಿಂತೆ ಹೊತ್ತು ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹನ್ನೆರಡು ತಾಸು ಕೂತವನಿಗೆ ‘ನಿಶ್ಚಿಂತೆ’ ಎಂದು ಹೆಸರು.

ಕಾಯುವ ಕೆಲಸದ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ತೋರಿಸುವ ಕನ್ನಡದ ಕೃತಿ ಯಾವುದೆಂದು ವಿದ್ಯಾರ್ಥಿಗಳು ಕೇಳಿದರೆ ನಾನು ಗೋವಿನ ಹಾಡನ್ನು ಹೇಳುತ್ತೇನೆ. ಅದನ್ನು ಸತ್ಯದ ಕಥೆ ಎಂದು ಓದಿ ಓದಿ ನಮಗೆ ರೂಢಿಯಾಗಿದೆ. ಒಂದು ಸಲ ‘ಕಾಯು’ವಿನ ಕಥೆಯಾಗಿ ಓದಿ. ಗೊಲ್ಲ ದನ ಕಾಯುತ್ತಾನೆ. ಹುಲಿ ಹಸಿದು ಕಾಯುತ್ತದೆ. ದೊಡ್ಡಿಯಲ್ಲಿ ಕರು ತಾಯಿಯ ಹಾದಿ ಕಾಯುತ್ತದೆ. ಪುಣ್ಯಕೋಟಿ ಮಾತು ಕೊಟ್ಟು ಹೋದ ಮೇಲೆ ಅದೇ ಹುಲಿ ಇನ್ನೊಂದು ರೀತಿಯಲ್ಲಿ ಕಾಯಬೇಕಾಗುತ್ತದೆ, ಹೊಂಚುವುದನ್ನು ಬಿಟ್ಟು ನಂಬಿ ಕೂರಬೇಕಾಗುತ್ತದೆ. ನನ್ನ ಮಟ್ಟಿಗೆ ಕಥೆ ತಿರುಗುವುದು ಪುಣ್ಯಕೋಟಿ ಮರಳಿ ಬಂದಾಗಲ್ಲ, ಅದಕ್ಕೂ ಮೊದಲು, ಹುಲಿ ಹೀಗೆ ಕಾಯಲು ಒಪ್ಪಿದಾಗ. ಇಡೀ ಹಾಡಿನಲ್ಲಿ ಯಾರೂ ಯಾರನ್ನೂ ‘ರಕ್ಷಿಸು’ವುದಿಲ್ಲ. ಗೊಲ್ಲನಿಂದ ಆಗಲಿಲ್ಲ, ಉಳಿದ ಹಸುಗಳಿಂದ ಆಗಲಿಲ್ಲ, ತಾಯಿಯೂ ಕರುವನ್ನು ಅವುಗಳಿಗೆ ಒಪ್ಪಿಸಿ ಹೋಗುತ್ತಾಳೆ. ಗೊಲ್ಲ ಮುಂದೆ ಕಥೆಯಲ್ಲಿ ಎಲ್ಲಿ ಹೋದ ಎಂದು ಯಾವ ವಿಮರ್ಶಕರೂ ಕೇಳಿದ್ದನ್ನು ನಾನು ಕಂಡಿಲ್ಲ. ಅವನ ಸಂಬಳದಲ್ಲಿ ಒಂದು ಹಸುವಿನ ಬೆಲೆಯನ್ನು ಯಾರೂ ಮುರಿಯಲಿಲ್ಲವೆಂದು ನಾನು ನಂಬಿದ್ದೇನೆ.

ಉತ್ತರಪತ್ರಿಕೆಗಳಿಗೆ ಮರಳಿದರೆ, ‘ರಕ್ಷಿಸಿದನು’ ಎಂದು ಬರೆದವರಿಗೆ ಅರ್ಧ ಅಂಕ ಕಳೆದೆ. ನಾಲ್ವರು ‘ಕಾವಲು ಕಾಯ್ದನು’ ಎಂದು ಬರೆದಿದ್ದರು, ಪೂರ್ತಿ ಕೊಟ್ಟೆ. ಒಬ್ಬ ಹುಡುಗಿ ‘ಮುದುಕ ಹೊಲದಲ್ಲೇ ಬೆಳಗು ಮಾಡಿದ’ ಎಂದು ಬರೆದಿದ್ದಳು. ಗಾರ್ಡ್ ಶಬ್ದಕ್ಕೆ ಅದು ಯಾವ ಕೋಶದಲ್ಲೂ ಸಿಗುವ ಅರ್ಥವಲ್ಲ, ನಿಯಮದ ಪ್ರಕಾರ ಅಂಕ ಕಳೆಯಬೇಕಿತ್ತು. ಕಳೆಯಲಿಲ್ಲ.

ಆ ವಾರ ಅರಭಾವಿಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಈಗ ಎಪ್ಪತ್ತೆಂಟು. ನಿದ್ದೆ ಇವತ್ತಿಗೂ ರಾತ್ರಿ ಬರುವುದಿಲ್ಲ, ಹಗಲಿಗೆ ಬರುತ್ತದೆ. ಹುಡುಗರ ಎರಡು ವಾಕ್ಯಗಳನ್ನು ಹೇಳಿದೆ. ಮುದುಕ, ಕಲ್ಲಂಗಡಿ, ಕಳವು. ನಗುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

‘ಎಷ್ಟ ಹಣ್ಣ ಉಳದಿದ್ದೂ?’

‘ಅರ್ಧಾ.’

‘ಮತ್ತ ಆ ಅರ್ಧಾ ಯಾರ ಕಾಯ್ದಾರ?’